ಬೇಡದ ಎಣ್ಣೆ ಮಾರದೆ ಗೊಬ್ಬರದ ಅಂಗಡಿ ನಡೆಸಲು ಸಾಧ್ಯವೇ?

ಪ್ರಶ್ನೆ
ಬರೆದವರು: ಎಡದಂಡೆ (ಸಿಂಧನೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಕೃಷಿ ಪದವಿ ಮುಗಿಸಿದ ಮೇಲೆ ತಂದೆಯವರ ಬೀಜ, ಗೊಬ್ಬರ ಮತ್ತು ಕೀಟನಾಶಕದ ಅಂಗಡಿಯನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಭತ್ತದ ಸೀಮೆ. ಸುತ್ತಲಿನ ಹಳ್ಳಿ ಮತ್ತು ಕ್ಯಾಂಪುಗಳ ರೈತರೇ ನಮ್ಮ ಗಿರಾಕಿಗಳು. ವ್ಯವಹಾರದ ದೊಡ್ಡ ಪಾಲು ಉದ್ರಿಯ ಮೇಲೆ ನಡೆಯುತ್ತದೆ. ಸುಗ್ಗಿಯಾದ ಮೇಲೆ ಲೆಕ್ಕ ಚುಕ್ತಾ ಆಗುತ್ತದೆ. ಕೆಲವರದು ಮುಂದಿನ ಸುಗ್ಗಿಗೆ ಜಾರುತ್ತದೆ.

ನನ್ನ ತೊಡಕನ್ನು ಒಂದು ಉದಾಹರಣೆಯಿಂದ ಹೇಳುತ್ತೇನೆ. ರೈತರೊಬ್ಬರು ನಾಲ್ಕು ಗರಿಗಳನ್ನು ಕಿತ್ತು ತಂದು ಮೇಜಿನ ಮೇಲಿಟ್ಟು "ಇದಕ್ಕೊಂದು ಛಲೋ ಎಣ್ಣಿ ಕೊಡ್ರಿ" ಎನ್ನುತ್ತಾರೆ (ಬೆಳೆಗೆ ಹೊಡೆಯುವ ಔಷಧಿಗೆ ನಮ್ಮಲ್ಲಿ ಎಣ್ಣೆ ಎನ್ನುವುದು ರೂಢಿ). ನಾಟಿಯಾಗಿ ಎರಡು ಮೂರು ವಾರವಾಗಿದ್ದು, ಎಲೆಯ ಮೇಲೆ ತುಕ್ಕಿನ ಬಣ್ಣದ ಚುಕ್ಕೆಗಳು ಹರಡಿದ್ದರೆ ಅದು ಬಹುಮಟ್ಟಿಗೆ ಜಿಂಕ್ ಕೊರತೆ. ಅದಕ್ಕೆ ಬೇಕಾದದ್ದು ಎಕರೆಗೆ ಹತ್ತು ಕಿಲೋದ ಆಸುಪಾಸಿನ ಜಿಂಕ್ ಸಲ್ಫೇಟ್ ಮಾತ್ರ, ಎಣ್ಣೆಯಲ್ಲ. ಆದರೆ ನಮ್ಮ ಪೇಟೆಯ ವಾಡಿಕೆಯ ಪ್ರಕಾರ ಒಂದು ರೋಗದ ಔಷಧಿ, ಒಂದು ಹುಳುವಿನ ಔಷಧಿ, ಜೊತೆಗೆ ಬೆಳೆ ಚೆನ್ನಾಗಿ ಬೆಳೆಯಲೆಂದು ಮಾರುವ ಒಂದು ಟಾನಿಕ್ ಸೇರಿಸಿ ಕೊಟ್ಟುಬಿಡುತ್ತಾರೆ. ಕಾರಣ ಏನೇ ಇರಲಿ, ಮೂರರಲ್ಲಿ ಒಂದು ತಾಗೀತು ಎಂಬ ಲೆಕ್ಕ. ನಾನು ಬರೀ ಜಿಂಕ್ ಕೊಟ್ಟರೆ ಆ ರೈತರಿಗೆ ಸಮಾಧಾನವಾಗುವುದಿಲ್ಲ. "ಹುಡುಗನಿಗೆ ಇನ್ನೂ ತಿಳಿಯದು" ಎಂದುಕೊಂಡು ಪಕ್ಕದ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ.

ತಂದೆಯವರ ವಾದವನ್ನೂ ತಳ್ಳಿಹಾಕಲಾರೆ. ಯೂರಿಯಾ, ಡಿಎಪಿ ಗೊಬ್ಬರಗಳಲ್ಲಿ ಸಿಗುವ ಲಾಭ ಹಮಾಲಿ ಮತ್ತು ಬಾಡಿಗೆಗೆ ಸಾಕಾದರೆ ಹೆಚ್ಚು. ಅಂಗಡಿಯನ್ನು ನಡೆಸುವುದು ಟಾನಿಕ್ ಮತ್ತು ಔಷಧಿಯ ಲಾಭವೇ. ಅದನ್ನು ಬಿಟ್ಟರೆ ಉದ್ರಿ ಕೊಡುವ ಶಕ್ತಿ ನಮಗೆ ಉಳಿಯುವುದಿಲ್ಲ, ಉದ್ರಿ ಇಲ್ಲದಿದ್ದರೆ ರೈತ ಉಳಿಯುವುದಿಲ್ಲ ಎನ್ನುತ್ತಾರೆ. ಇದರ ಮೇಲೆ ಕಂಪನಿಗಳ ಟಾರ್ಗೆಟ್ ಬೇರೆ. ಇಷ್ಟು ಪೆಟ್ಟಿಗೆ ಎತ್ತಿದರೆ ವಿದೇಶ ಪ್ರವಾಸ, ಇಷ್ಟು ಎತ್ತಿದರೆ ಬಂಗಾರದ ನಾಣ್ಯ.

ಈಚೆಗೆ ಕಂಪನಿಯೊಂದು ನಡೆಸಿದ ತರಬೇತಿಯಲ್ಲಿ ಹೊಸದೊಂದು ಪಾಠ ಹೇಳಿಕೊಟ್ಟರು. ಮೊದಲು ರೈತನ ಮನೆಮಂದಿಯ ಯೋಗಕ್ಷೇಮ ಕೇಳಿರಿ, ಮಕ್ಕಳ ಹೆಸರು ನೆನಪಿಟ್ಟುಕೊಳ್ಳಿರಿ, ನಂಬಿಕೆ ಬೆಳೆದ ಮೇಲೆ ಅವನು ದರ ಕೇಳುವುದಿಲ್ಲ ಎಂದರು. ಕೇಳಿ ನನಗೆ ಕಸಿವಿಸಿಯಾಯಿತು. ಯೋಗಕ್ಷೇಮ ಕೇಳುವುದು ತಪ್ಪಲ್ಲ, ಆದರೆ ಹೀಗೆ ಕೇಳುವುದು ಸರಿಯೂ ಅಲ್ಲ ಅನ್ನಿಸುತ್ತದೆ. ರೈತರ ಹಿತವನ್ನು ನಿಜವಾಗಿಯೂ ಮನಸ್ಸಿನಲ್ಲಿಟ್ಟುಕೊಂಡು ಈ ವ್ಯಾಪಾರವನ್ನು ಹಲವು ವರ್ಷ ನಡೆಸಿದವರು ಇಲ್ಲಿದ್ದರೆ, ಉಪದೇಶಕ್ಕಿಂತ ಹೆಚ್ಚಾಗಿ ದಿನನಿತ್ಯ ನೀವು ಅಂಗಡಿಯಲ್ಲಿ ಏನು ಮಾಡುತ್ತೀರಿ ಎಂಬುದನ್ನು ತಿಳಿಸಬೇಕೆಂದು ಕೋರುತ್ತೇನೆ.

ಉತ್ತರ 1
ಬರೆದವರು: ಹಳೇ ಪೇಟೆ (ಹಾವೇರಿ ಜಿಲ್ಲೆ)

ನಾನು ಬ್ಯಾಡಗಿಯ ಸುತ್ತಲಿನ ಮೆಣಸಿನಕಾಯಿ, ಗೋವಿನಜೋಳ, ಹತ್ತಿ ಬೆಳೆಗಾರರಿಗೆ ಬಹಳ ವರ್ಷಗಳಿಂದ ಔಷಧಿ ಮಾರುತ್ತಿದ್ದೇನೆ. ನೀವು ಕೇಳಿದ್ದು ದಿನನಿತ್ಯದ ಕೆಲಸದ ಬಗ್ಗೆ ಆದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕಪಾಟಿಗೆ ಕೈ ಹಾಕುವ ಮೊದಲು ಪ್ರಶ್ನೆ ಕೇಳಬೇಕು, ಮತ್ತು ಆ ಪ್ರಶ್ನೆಗಳು ಬೆಳೆಯ ಬಗ್ಗೆ ಇರಬೇಕು. ನಮ್ಮಲ್ಲಿ "ಗಿಡ ಮುರುಟ್ಯಾವ" ಎಂದು ಹೇಳಿಕೊಂಡು ಬರುವವರೇ ಹೆಚ್ಚು. ಎಲೆಯ ಅಂಚು ಮೇಲಕ್ಕೆ ದೋಣಿಯಂತೆ ಮಡಚಿದೆಯೋ, ಕೆಳಕ್ಕೆ ಮಡಚಿದೆಯೋ ಎಂದು ನಾನು ಮೊದಲು ಕೇಳುತ್ತೇನೆ. ಮೇಲಕ್ಕೆ ಮಡಚಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಹುಳು. ಕೆಳಕ್ಕೆ ಮಡಚಿ, ಎಲೆಯ ತೊಟ್ಟು ಉದ್ದವಾಗಿ, ಎಲೆ ಸಣ್ಣದಾಗಿದ್ದರೆ ಮೈಟ್ ನುಸಿ. ಇವೆರಡೂ ಅಲ್ಲದೆ ಇಡೀ ಗಿಡ ಕುಬ್ಜವಾಗಿ ಗುಂಪುಗುಂಪಾಗಿ ಮುದುಡಿದ್ದರೆ ಅದು ಬಿಳಿನೊಣ ತರುವ ನಂಜುರೋಗವಾಗಿರಬಹುದು, ಅದಕ್ಕೆ ಯಾವ ಅಂಗಡಿಯಲ್ಲೂ ಔಷಧಿ ಇಲ್ಲ. ಬೆಳೆ ಎಳೆಯದಿದ್ದಾಗಲೇ ಅಂಥ ಗಿಡಗಳನ್ನು ಕಿತ್ತು ಹಾಕಿ, ಉಳಿದವುಗಳಿಗೆ ಬಿಳಿನೊಣ ತಗಲದಂತೆ ನೋಡಿಕೊಳ್ಳಬೇಕು. ಮೈಟ್ ಇರುವ ಹೊಲಕ್ಕೆ ಥ್ರಿಪ್ಸ್ ಔಷಧಿ ಮಾರಿದರೆ ರೈತನ ದುಡ್ಡು ಹಾಳಾಗುವುದಷ್ಟೇ ಅಲ್ಲ, ಪೈರಿಥ್ರಾಯ್ಡ್ ಗುಂಪಿನ ಔಷಧಿಯಾಗಿದ್ದರೆ ಮೈಟ್ ಇನ್ನೂ ಹೆಚ್ಚುತ್ತದೆ, ಏಕೆಂದರೆ ಮೈಟ್ ತಿನ್ನುವ ಜೀವಿಗಳನ್ನು ಅದು ಕೊಂದುಹಾಕುತ್ತದೆ. ಮೈಟ್‌ಗೆ ನೀರಿನಲ್ಲಿ ಕರಗುವ ಗಂಧಕ ಎಷ್ಟೋ ಸಲ ಸಾಕಾಗುತ್ತದೆ. ಅದರಲ್ಲಿ ಲಾಭ ಕಡಿಮೆ ಎಂಬುದು ನಿಜ.

2021ರ ಕೊನೆಗೆ ಹೊಸ ಜಾತಿಯ ಕಪ್ಪು ಥ್ರಿಪ್ಸ್ ದಕ್ಷಿಣ ಭಾರತದ ಮೆಣಸಿನಕಾಯಿಗೆ ಮುತ್ತಿಗೆ ಹಾಕಿದಾಗ ಈ ಮಾತು ಎಲ್ಲರಿಗೂ ಅರ್ಥವಾಗಬೇಕಿತ್ತು. ಹೂವಿನೊಳಗೆ ಕೂರುವ ಆ ಹುಳುವಿನ ಮೇಲೆ ರೈತರು ನಾಲ್ಕೈದು ಔಷಧಿಗಳನ್ನು ಒಂದೇ ಡ್ರಮ್ಮಿನಲ್ಲಿ ಕಲಸಿ ಹೊಡೆದರು. ಹುಳು ಹೋಗಲಿಲ್ಲ, ಉದ್ರಿ ಮಾತ್ರ ಬೆಳೆಯಿತು. ಆಗ ಪೇಟೆಯಲ್ಲಿ ಮಾರಿದ ಸೀಸೆಗಳಲ್ಲಿ ಕೆಲವು 'ಬಯೋ' ಎಂಬ ಹೆಸರಿನವು, ಒಳಗೇನಿದೆ ಎಂದು ಲೇಬಲಿನ ಮೇಲೆ ಸ್ಪಷ್ಟವಾಗಿ ಬರೆಯದಂಥವು. ಅಂಥ ಸೀಸೆಯನ್ನು ಅಂಗಡಿಯೊಳಗೆ ಇಡುವುದೇ ಇಲ್ಲ ಎಂದು ನೀವು ಇವತ್ತೇ ತೀರ್ಮಾನಿಸಬಹುದು. ಇದಕ್ಕೆ ಯಾರ ಒಪ್ಪಿಗೆಯೂ ಬೇಕಿಲ್ಲ.

ಇನ್ನೊಂದು ಕೆಲಸ: ಔಷಧಿಯನ್ನು ಬ್ರಾಂಡಿನ ಹೆಸರಿನಿಂದ ಅಲ್ಲ, ಗುಂಪಿನಿಂದ ನೆನಪಿಟ್ಟುಕೊಳ್ಳಿ. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್, ಡೈನೋಟೆಫ್ಯೂರಾನ್ ಮೂರೂ ಒಂದೇ ರೀತಿ ಕೆಲಸ ಮಾಡುವಂಥವು. ಒಂದು ಕೆಲಸ ಮಾಡಲಿಲ್ಲ ಎಂದು ಬಂದ ರೈತರಿಗೆ, ಡಬ್ಬಿ ಬೇರೆ ಎಂಬ ಕಾರಣಕ್ಕೆ ಅದೇ ಗುಂಪಿನ ಇನ್ನೊಂದನ್ನು ಕೊಡುವುದು ನಮ್ಮ ಪೇಟೆಯಲ್ಲಿ ದಿನವೂ ನಡೆಯುತ್ತದೆ. ಕೊಡುವವರಲ್ಲಿ ಅನೇಕರಿಗೆ ಅದು ಗೊತ್ತೂ ಇರುವುದಿಲ್ಲ. ನೀವು ಓದಿ ಬಂದವರು, ನಿಮಗೆ ಗೊತ್ತಿಲ್ಲ ಎಂದು ಹೇಳಿಕೊಳ್ಳುವ ಅವಕಾಶವಿಲ್ಲ. ಓದದವರಿಗಾಗಿ ಹೈದರಾಬಾದಿನಲ್ಲಿರುವ ಕೇಂದ್ರ ಸರ್ಕಾರದ ಕೃಷಿ ತರಬೇತಿ ಸಂಸ್ಥೆ ಮ್ಯಾನೇಜ್ 2003ರಲ್ಲೇ ವ್ಯಾಪಾರಿಗಳ ಒಂದು ವರ್ಷದ ಡಿಪ್ಲೊಮಾ ಆರಂಭಿಸಿದೆ. ವಾರಕ್ಕೊಂದು ದಿನ ತರಗತಿ, ಅಂಗಡಿ ಮುಚ್ಚಬೇಕಾಗಿಲ್ಲ. ನಿಮ್ಮ ಪೇಟೆಯ ಹಿರಿಯ ವ್ಯಾಪಾರಿಗಳಿಗೂ ಹೇಳಿ.

ಈಗ ತಂದೆಯವರ ವಾದಕ್ಕೆ ಬರುತ್ತೇನೆ. ಅವರು ಲಾಭವನ್ನು ಮಾರಾಟದ ದಿನ ಲೆಕ್ಕ ಹಾಕುತ್ತಿದ್ದಾರೆ. ಉದ್ರಿ ವ್ಯಾಪಾರದಲ್ಲಿ ಲಾಭ ಹುಟ್ಟುವುದು ವಸೂಲಾದ ದಿನ. ಎಕರೆಗೆ ಎರಡು ಸಾವಿರದ ಎಣ್ಣೆ ಬೇಕಾದ ಕಡೆ ಐದು ಸಾವಿರದ ಎಣ್ಣೆ ಕೊಟ್ಟರೆ ಖಾತೆಯಲ್ಲಿ ಮಾರಾಟ ಚೆನ್ನಾಗಿ ಕಾಣುತ್ತದೆ. ಆದರೆ ಬೆಳೆಯ ಆದಾಯ ಅಷ್ಟೇ ಇರುವುದರಿಂದ ಆ ರೈತರು ಸುಗ್ಗಿಯಲ್ಲಿ ಮೊದಲು ಬೀಗರ ಕೈಸಾಲ ತೀರಿಸಿ, ಆಮೇಲೆ ದಲಾಲಿ ಅಂಗಡಿಯ ಮುಂಗಡ ತೀರಿಸಿ, ಕೊನೆಗೆ ನಮ್ಮ ಬಳಿ ಬಂದು "ಮುಂದಿನ ಬೆಳಿಗೆ ಕೊಡ್ತೀನ್ರಿ" ಎನ್ನುತ್ತಾರೆ. ಹಳೆಯ ಖಾತೆ ಪುಸ್ತಕಗಳನ್ನು ತೆಗೆದು, ಬಾರದೆ ಉಳಿದ ಬಾಕಿ ಯಾರದು, ಅವರಿಗೆ ಆ ವರ್ಷ ಏನೇನು ಮಾರಲಾಗಿತ್ತು ಎಂದು ತಂದೆಯವರ ಎದುರಿಗೆ ಕುಳಿತು ಓದಿ ನೋಡಿ. ನನ್ನ ಅನುಭವದಲ್ಲಿ ಅತಿ ಹೆಚ್ಚು ಮುಳುಗಿದ ಖಾತೆಗಳು ಅತಿ ಹೆಚ್ಚು ಟಾನಿಕ್ ಹೋದ ಖಾತೆಗಳೇ ಆಗಿದ್ದವು. ವಿದೇಶ ಪ್ರವಾಸದ ಖರ್ಚು ಎಲ್ಲಿಂದ ಬರುತ್ತದೆ ಎಂದು ತಿಳಿಯಲು ಇದಕ್ಕಿಂತ ಒಳ್ಳೆಯ ಪುಸ್ತಕ ಬೇರೆ ಇಲ್ಲ.

ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾರೆ ಎಂದಿರಿ. ಹೋಗುತ್ತಾರೆ. ಆದರೆ ಬೇಡ ಎಂದಷ್ಟೇ ಹೇಳಿ ಕಳುಹಿಸಿದರೆ ಹೋಗುತ್ತಾರೆ. ದೂರದಿಂದ ಬಸ್ಸು ಹತ್ತಿ ಬಂದವರನ್ನು ಬರಿಗೈಯಲ್ಲಿ ಕಳುಹಿಸಬೇಡಿ, ಕೆಲಸ ಹೇಳಿ ಕಳುಹಿಸಿ: ಗದ್ದೆಯ ನೀರು ಬಸಿಯಿರಿ, ನಾಲ್ಕು ಕಡೆ ಬುಡ ಬಿಡಿಸಿ ಹುಳು ಎಣಿಸಿ, ಫೋಟೊ ತೆಗೆದು ಕಳುಹಿಸಿ, ನಾಡಿದ್ದು ನಾನೇ ಆ ಕಡೆ ಬರುತ್ತೇನೆ ಎಂದು ಹೇಳಿ, ಹೇಳಿದಂತೆ ಹೋಗಿ. ಬದುವಿನ ಮೇಲೆ ಒಮ್ಮೆ ನಿಂತವರನ್ನು ರೈತರು ಬೇಗ ಮರೆಯುವುದಿಲ್ಲ.

ತರಬೇತಿಯಲ್ಲಿ ಕೇಳಿದ ಯೋಗಕ್ಷೇಮದ ಪಾಠದ ಬಗ್ಗೆ ಇಷ್ಟು ಹೇಳಬಲ್ಲೆ. ಏನೂ ಕೊಳ್ಳದೆ ನೆರಳಿಗೆಂದು ಬಂದು ಕುಳಿತವರಿಗೂ ಅದೇ ಪ್ರಶ್ನೆ ಕೇಳುತ್ತೀರಾದರೆ ಧಾರಾಳವಾಗಿ ಎಲ್ಲರನ್ನೂ ಕೇಳಿ.

ಉತ್ತರ 2
ಬರೆದವರು: ಅಡಿಕೆ ತೋಟ (ತೀರ್ಥಹಳ್ಳಿ)

ನಮ್ಮ ಕಡೆಯ ವ್ಯಾಪಾರ ಬೇರೆ ರೀತಿಯದು, ಆದರೂ ಒಂದು ಮಾತು ಸೇರಿಸುತ್ತೇನೆ. ಅಡಿಕೆಯ ಕೊಳೆರೋಗಕ್ಕೆ ಶೇಕಡಾ ಒಂದರ ಬೋರ್ಡೋ ದ್ರಾವಣ, ಅಂದರೆ ಒಂದು ಕಿಲೋ ಮೈಲುತುತ್ತ (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ಮಳೆಗಾಲ ಹಿಡಿಯುವ ಮೊದಲು ಒಮ್ಮೆ, ನಲವತ್ತು ನಲವತ್ತೈದು ದಿನ ಬಿಟ್ಟು ಮತ್ತೊಮ್ಮೆ ಹೊಡೆಯಬೇಕು. ನಮ್ಮ ಅಂಗಡಿಯವರು ಪ್ರತಿ ವರ್ಷ ಮೈಲುತುತ್ತ ತೂಗಿಕೊಡುವಾಗ "ಸುಣ್ಣ ಹೊಸದಾ? ಕಬ್ಬಿಣದ ಕತ್ತಿ ಅದ್ದಿ ನೋಡ್ತೀರಲ್ಲ?" ಎಂದು ಕೇಳುತ್ತಾರೆ. ಕತ್ತಿಯ ಮೇಲೆ ತಾಮ್ರದ ಕೆಂಪು ಹತ್ತಿದರೆ ಸುಣ್ಣ ಸಾಲದು ಎಂದರ್ಥ, ಅದನ್ನು ಹಾಗೇ ಹೊಡೆದರೆ ಎಳೆಯ ಕಾಯಿ ಸುಡುತ್ತದೆ. ಸುಣ್ಣದಲ್ಲಿ ಅವರಿಗೆ ಉಳಿಯುವುದು ಏನೂ ಇಲ್ಲ. ಆದರೂ ಕೇಳುತ್ತಾರೆ. ನಾವು ಮೂರು ಮನೆಯವರು ಹತ್ತಿರದ ಪೇಟೆ ಬಿಟ್ಟು ಅವರಲ್ಲಿಗೇ ಹೋಗುವುದು ಈ ಕಾರಣಕ್ಕೆ.

ಉತ್ತರ 3
ಬರೆದವರು: ಕೊನೆ ಭಾಗದ ರೈತ (ಮಾನ್ವಿ ತಾಲ್ಲೂಕು)

ನಾನು ಇಲ್ಲಿ ಗಿರಾಕಿಯ ಕಡೆಯಿಂದ ಬರೆಯುತ್ತಿದ್ದೇನೆ. ಕಾಲುವೆಯ ಕೊನೆಯ ಭಾಗದಲ್ಲಿ ಭತ್ತ ಮಾಡುವವನು ನಾನು, ನೀರು ಬಂದರೆ ಬೆಳೆ, ಬಾರದಿದ್ದರೆ ಇಲ್ಲ.

ಮೇಲಿನವರು ಹೇಳಿದ ಪ್ರಶ್ನೆ ಕೇಳುವ ವಿಷಯ ಒಳ್ಳೆಯದೇ. ಆದರೆ ಅಂಗಡಿಯವರು ರೈತರ ಮೇಲೆ ಕಾಳಜಿ ಎಂದಾಗ ನನಗೆ ಮೊದಲು ನೆನಪಾಗುವುದು ದರ. ಒಂದೇ ಔಷಧಿಗೆ ನಗದಿನ ದರ ಒಂದು, ಉದ್ರಿಯ ದರ ಇನ್ನೊಂದು; ಇದು ಎಲ್ಲರಿಗೂ ಗೊತ್ತಿರುವ ಗುಟ್ಟು. ವ್ಯಾಪಾರಿಯ ಬಂಡವಾಳಕ್ಕೂ ಬಡ್ಡಿ ಬೀಳುತ್ತದೆ ಎಂಬುದನ್ನು ನಾನು ಒಪ್ಪುತ್ತೇನೆ, ಅದಕ್ಕಾಗಿ ಹೆಚ್ಚು ಕೊಡಲೂ ತಯಾರಿದ್ದೇನೆ. ಆದರೆ ಆ ಎರಡು ದರಗಳನ್ನು ಅಕ್ಕಪಕ್ಕದಲ್ಲಿ ಬರೆದು ತೋರಿಸಿದ ಅಂಗಡಿಯನ್ನು ನಾನು ಈವರೆಗೆ ನೋಡಿಲ್ಲ. ಸುಗ್ಗಿಯಲ್ಲಿ ಖಾತೆ ತೆಗೆದಾಗ ಒಟ್ಟು ಮೊತ್ತ ಮಾತ್ರ ಹೇಳುತ್ತಾರೆ. ನಡುವೆ ಏನು ತಂದಿದ್ದೆವು, ಯಾವ ದರಕ್ಕೆ, ಬಡ್ಡಿ ಎಷ್ಟು ಎಂದು ಕೇಳಿದರೆ ಮುಖ ಸಣ್ಣದಾಗುತ್ತದೆ. ಬಾಕಿ ಇಟ್ಟುಕೊಂಡವನು ಹೆಚ್ಚು ಕೇಳುವಂತಿಲ್ಲ, ಬೇರೆ ಅಂಗಡಿಗೂ ಹೋಗುವಂತಿಲ್ಲ. ಅಂಥವನ ಮುಂದೆ ಮೂರು ಸೀಸೆ ಇಟ್ಟರೆ ಅವನು ಬೇಡ ಎನ್ನಲಾರ. ನೀವು ಅದನ್ನು ಅವನ ಆಯ್ಕೆ ಎಂದು ಕರೆಯುತ್ತೀರಿ.

ಆದ್ದರಿಂದ ಎಡದಂಡೆಯವರಿಗೆ ನನ್ನ ಕೋರಿಕೆ ಹೀಗಿದೆ. ಪ್ರತಿ ಸಲವೂ ಬಿಲ್ಲು ಕೊಡಿ, ಉದ್ರಿಯಾದರೂ ಕೊಡಿ. ಅದು ಉಪಕಾರವೇನೂ ಅಲ್ಲ, 1971ರ ಕೀಟನಾಶಕ ನಿಯಮಗಳೇ ನಗದಿಗಾಗಲಿ ಉದ್ರಿಗಾಗಲಿ ರಸೀದಿ ಕೊಡಬೇಕೆಂದು ಹೇಳುತ್ತವೆ. ಅದರಲ್ಲಿ ಬ್ರಾಂಡಿನ ಜೊತೆಗೆ ಔಷಧಿಯ ನಿಜವಾದ ಹೆಸರು, ಬ್ಯಾಚ್ ನಂಬರು, ಮುಗಿಯುವ ದಿನಾಂಕ ಇರಲಿ. ಬೀಜಕ್ಕೆ ಇದು ಇನ್ನೂ ಮುಖ್ಯ. ಬೀಜ ಕೊಳ್ಳುವ ರೈತನೂ ಗ್ರಾಹಕನೇ, ಗ್ರಾಹಕರ ನ್ಯಾಯಾಲಯಕ್ಕೆ ಹೋಗಲು ಅವನಿಗೆ ಹಕ್ಕಿದೆ ಎಂದು ಸುಪ್ರೀಂ ಕೋರ್ಟ್ 2012ರಲ್ಲಿ ರಾಷ್ಟ್ರೀಯ ಬೀಜ ನಿಗಮದ ಪ್ರಕರಣದಲ್ಲಿ ಹೇಳಿದೆ. ಆದರೆ ಕೈಯಲ್ಲಿ ಬಿಲ್ಲು ಇಲ್ಲದವನು ಆ ಹಕ್ಕನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ಚೀಟಿಯ ಹಿಂದೆ ಪೆನ್ಸಿಲಿನಲ್ಲಿ ಬರೆದ ಮೊತ್ತವನ್ನು ಯಾವ ಗ್ರಾಹಕರ ನ್ಯಾಯಾಲಯವೂ ನೋಡುವುದಿಲ್ಲ.

ನಮ್ಮ ಕಡೆಯ ದೋಷವನ್ನೂ ಹೇಳಬೇಕು. ಪಕ್ಕದ ಹೊಲದವನು ಹೊಡೆದ ಎಂದು ಹೊಡೆಯುವುದು, ಖಾಲಿ ಡಬ್ಬಿ ತೋರಿಸಿ "ಇದನ್ನೇ ಕೊಡ್ರಿ" ಎಂದು ಹಟ ಹಿಡಿಯುವುದು, ಎಣ್ಣೆ ಹೊಡೆದ ಸಂಜೆಯೇ ಹುಳು ಸತ್ತು ಬೀಳಬೇಕೆಂದು ಕಾಯುವುದು ನಮ್ಮಲ್ಲಿದೆ. ಇದನ್ನೆಲ್ಲ ತಿದ್ದುವ ತಾಳ್ಮೆ ಇದ್ದರೆ ಮಾತ್ರ ನೀವು ಹೇಳುವ ವ್ಯಾಪಾರ ನಡೆಯುತ್ತದೆ.

ಉತ್ತರ 4
ಬರೆದವರು: ನಿವೃತ್ತ ಕೃಷಿ ಅಧಿಕಾರಿ

ಚರ್ಚೆ ಒಳ್ಳೆಯ ದಾರಿಯಲ್ಲಿದೆ. ಆದರೂ ಹಳೇ ಪೇಟೆಯವರ ಬರಹದಲ್ಲಿರುವ ಒಂದು ನಂಬಿಕೆಯನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಸರಿಯಾದ ಪ್ರಶ್ನೆ ಕೇಳುವ ವ್ಯಾಪಾರಿ ಸಿಕ್ಕರೆ ಸಾಕು ಎಂಬ ಧಾಟಿ ಅಲ್ಲಿದೆ. ರೋಗ ಹೇಳುವವರೂ ಔಷಧಿ ಮಾರುವವರೂ ಒಬ್ಬರೇ ಆಗಿರುವಾಗ, ಆ ವ್ಯಕ್ತಿ ಎಷ್ಟೇ ಪ್ರಾಮಾಣಿಕರಾಗಿದ್ದರೂ, ಅನುಮಾನದ ಸಂದರ್ಭಗಳಲ್ಲಿ ಅವರ ತೀರ್ಮಾನ ಮಾರುವ ಕಡೆಗೇ ವಾಲುತ್ತದೆ. ವೈದ್ಯರೇ ಮೆಡಿಕಲ್ ಶಾಪ್ ಇಟ್ಟುಕೊಂಡಂತೆ. ಹೊಡೆಯದೆ ಬಿಟ್ಟು ಬೆಳೆ ಕೆಟ್ಟರೆ ಬೈಗುಳ ಅಂಗಡಿಗೆ ಬರುತ್ತದೆ, ಹೊಡೆದು ದುಡ್ಡು ವ್ಯರ್ಥವಾದರೆ ಯಾರೂ ಗಮನಿಸುವುದಿಲ್ಲ. ಆದ್ದರಿಂದ ವ್ಯಾಪಾರಿಯು ತನ್ನ ಅನುಮಾನಗಳನ್ನು ಹೊರಗಿನವರಿಗೆ ಒಪ್ಪಿಸುವ ಅಭ್ಯಾಸ ಇಟ್ಟುಕೊಳ್ಳಬೇಕು. ನಿಮಗೆ ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ದೂರವಿಲ್ಲ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರವಿದೆ. ವಾರಕ್ಕೆರಡು ಮಾದರಿಗಳನ್ನು ಅಲ್ಲಿಗೆ ಕಳುಹಿಸಿ, ಅವರು ಹೇಳಿದ್ದನ್ನು ರೈತರಿಗೆ ಓದಿ ಹೇಳಿದರೆ ನಿಮ್ಮ ಮಾತಿಗೆ ಬೆಲೆ ಬರುತ್ತದೆ, ನಿಮ್ಮ ತೀರ್ಮಾನವೂ ಹದಗೊಳ್ಳುತ್ತದೆ.

ಭತ್ತದ ಸೀಮೆಯಲ್ಲಿ ಇದು ಅತಿ ಹೆಚ್ಚು ಬೇಕಾಗುವುದು ಕಂದು ಜಿಗಿಹುಳುವಿನ ವಿಷಯದಲ್ಲಿ. ನೀವು ಓದಿದ್ದೇ ಆದರೂ ಇಲ್ಲಿ ಓದುವ ಇತರರಿಗಾಗಿ ಬರೆಯುತ್ತೇನೆ. ಈ ಹುಳು ಎಲೆಯ ಮೇಲಲ್ಲ, ನೀರಿನ ಮಟ್ಟದ ಸಮೀಪ ಬುಡದಲ್ಲಿ ಕುಳಿತು ರಸ ಹೀರುತ್ತದೆ. ಗದ್ದೆಯ ನಡುವೆ ವೃತ್ತಾಕಾರವಾಗಿ ಬೆಳೆ ಸುಟ್ಟಂತಾದಾಗ ಮಾತ್ರ ರೈತರ ಕಣ್ಣಿಗೆ ಬೀಳುತ್ತದೆ. ಯೂರಿಯಾ ಹೆಚ್ಚಾದಷ್ಟೂ, ನಾಟಿ ಒತ್ತಾದಷ್ಟೂ, ನೀರು ನಿಂತಷ್ಟೂ ಹುಳು ಹೆಚ್ಚುತ್ತದೆ. ಕಡಿಮೆ ದರಕ್ಕೆ ಸಿಗುವ ಪೈರಿಥ್ರಾಯ್ಡ್ ಹೊಡೆದರೆ ಜಿಗಿಹುಳುವನ್ನು ತಿನ್ನುವ ಜೇಡ ಮತ್ತು ಮಿರಿಡ್ ತಿಗಣೆಗಳು ಮೊದಲು ಸಾಯುತ್ತವೆ, ಕೆಲವೇ ವಾರಗಳಲ್ಲಿ ಜಿಗಿಹುಳು ಮೊದಲಿಗಿಂತ ದಟ್ಟವಾಗಿ ಮರಳುತ್ತದೆ, ರೈತರೂ ಅಂಗಡಿಗೆ ಮರಳುತ್ತಾರೆ. ಇಮಿಡಾಕ್ಲೋಪ್ರಿಡ್‌ಗೆ ಈ ಹುಳು ಬಗ್ಗದಂತಾಗಿರುವುದು ದಕ್ಷಿಣ ಭಾರತದ ಹಲವೆಡೆ ಕಂಡುಬಂದಿದೆ. ನೀರು ಬಸಿದು, ಎರಡು ಮೂರು ಮೀಟರಿಗೊಂದರಂತೆ ಒಂದು ಅಡಿ ಅಗಲದ ಕಾಲುದಾರಿ ಬಿಟ್ಟು, ಬುಡಕ್ಕೆ ಐದರಿಂದ ಹತ್ತು ಹುಳು ದಾಟಿದ ಮೇಲೆ ಮಾತ್ರ, ಪೈಮೆಟ್ರೊಜಿನ್‌ನಂಥ ಬೇರೆ ಗುಂಪಿನ ಔಷಧಿಯನ್ನು ಬುಡಕ್ಕೆ ತಾಗುವಂತೆ ಹೊಡೆಯಬೇಕು. ಇದರಲ್ಲಿ ಅಂಗಡಿಗೆ ಸಿಗುವ ವ್ಯಾಪಾರ ಒಂದು ಸಲದ್ದು. ಪೈರಿಥ್ರಾಯ್ಡ್ ಮಾರಿದರೆ ಮೂರು ಸಲದ್ದು. ನಿಮ್ಮ ಪ್ರಶ್ನೆಯ ತಿರುಳು ಇಲ್ಲಿದೆ ಎಂದು ನನಗೆ ತೋರುತ್ತದೆ.

ಇನ್ನು ಯಾರೂ ಎತ್ತದ ಒಂದು ವಿಷಯ. ನಿಮ್ಮ ಸೀಸೆಯನ್ನು ಕೊಳ್ಳುವವರು ರೈತರು, ಅದನ್ನು ಮೈಮೇಲೆ ಹಾಕಿಕೊಳ್ಳುವವರು ಎಣ್ಣೆ ಹೊಡೆಯುವ ಕೂಲಿಯವರು. ಅವರು ಅಂಗಡಿಗೆ ಬರುವುದೇ ಇಲ್ಲ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳ ಜಿಲ್ಲೆಯಲ್ಲಿ ಹತ್ತಿಗೆ ಔಷಧಿ ಹೊಡೆಯುತ್ತಿದ್ದ 20ಕ್ಕೂ ಹೆಚ್ಚು ರೈತರು ಮತ್ತು ಕೂಲಿಕಾರರು ವಿಷವೇರಿ ಸತ್ತರು. ಎದೆಗಿಂತ ಎತ್ತರಕ್ಕೆ ಬೆಳೆದ ಹತ್ತಿ, ಮುಖಕ್ಕೆ ಹೊಡೆಯುವ ಪವರ್ ಸ್ಪ್ರೇಯರಿನ ತುಂತುರು, ಕೈಗೆ ಗವುಸಿಲ್ಲ, ಒಂದೇ ಡ್ರಮ್ಮಿನಲ್ಲಿ ಕಲಸಿದ ಹಲವು ಔಷಧಿಗಳು. ಇವೆಲ್ಲವೂ ಅಲ್ಲಿ ಒಟ್ಟಾಗಿದ್ದವು. ಕಲಸಲು ಹೇಳಿದವರು ಯಾರು ಎಂಬ ಪ್ರಶ್ನೆಯೂ ಆಗ ಎದ್ದಿತ್ತು. ಲೇಬಲಿನ ಮೇಲಿನ ವಜ್ರಾಕಾರದ ಗುರುತಿನಲ್ಲಿ ಕೆಳಗಿನ ತ್ರಿಕೋನ ಕೆಂಪಾಗಿದ್ದರೆ ಅತಿ ತೀವ್ರ ವಿಷ, ನಂತರ ಹಳದಿ, ನೀಲಿ, ಕೊನೆಗೆ ಹಸಿರು. ಓದು ಬಾರದವರಿಗೂ ಬಣ್ಣ ತಿಳಿಯುತ್ತದೆ. ಕೆಂಪು ತ್ರಿಕೋನದ ಡಬ್ಬಿಯನ್ನು ಕೊಡುವಾಗ ಯಾರು ಹೊಡೆಯುತ್ತಾರೆ, ಗವುಸು ಮತ್ತು ಮುಖಗವಸು ಇದೆಯೇ ಎಂದು ಕೇಳಿ. ಇಲ್ಲವಾದರೆ ಆ ಗವುಸು, ಮುಖಗವಸುಗಳನ್ನು ಅಸಲು ದರಕ್ಕೆ ಕೊಡಿ. ನಿಮ್ಮ ಟಾರ್ಗೆಟ್ಟಿನಲ್ಲಿ ಅದಕ್ಕೆ ಜಾಗವಿಲ್ಲದಿದ್ದರೂ ಅಂಗಡಿಯಲ್ಲಿ ಜಾಗವಿರಲಿ.

ಪ್ರಶ್ನೆ ಕೇಳಿದವರ ಪ್ರತಿಕ್ರಿಯೆ
ಬರೆದವರು: ಎಡದಂಡೆ

ಎಲ್ಲರಿಗೂ ಧನ್ಯವಾದಗಳು. ಖಾತೆ ಪುಸ್ತಕ ತೆಗೆದು ನೋಡುವ ಸಲಹೆಯನ್ನು ತಂದೆಯವರ ಮುಂದಿಟ್ಟೆ. "ನೋಡೋಣಂತ" ಎಂದಿದ್ದಾರೆ, ಅವರ ಬಾಯಲ್ಲಿ ಅದು ಸಣ್ಣ ಮಾತಲ್ಲ. ನಗದು ಮತ್ತು ಉದ್ರಿ ದರಗಳನ್ನು ಬಿಲ್ಲಿನಲ್ಲಿ ಅಕ್ಕಪಕ್ಕ ಬರೆಯಲು ನನಗೆ ಅಭ್ಯಂತರವಿಲ್ಲ, ಮುಂದಿನ ಹಂಗಾಮಿನಿಂದ ಹಾಗೆಯೇ ಮಾಡುತ್ತೇನೆ. ಕೂಲಿಯವರ ವಿಷಯ ನನ್ನ ಯೋಚನೆಗೇ ಬಂದಿರಲಿಲ್ಲ.

ಒಂದು ವಿಷಯ ಮಾತ್ರ ನನ್ನ ಕೈಯಲ್ಲಿಲ್ಲ. ಯೂರಿಯಾ ಲೋಡಿನ ಜೊತೆ ನಮಗೆ ಬೇಡದ ಸರಕನ್ನು ಲಿಂಕ್ ಮಾಡಿ ಕಳುಹಿಸುತ್ತಾರೆ. ಅದನ್ನು ತೆಗೆದುಕೊಳ್ಳದಿದ್ದರೆ ಯೂರಿಯಾ ಬರುವುದಿಲ್ಲ, ತೆಗೆದುಕೊಂಡರೆ ರೈತರ ತಲೆಗೆ ಕಟ್ಟಬೇಕು. 45 ಕಿಲೋದ ಚೀಲಕ್ಕೆ 266 ರೂಪಾಯಿ 50 ಪೈಸೆ ಎಂದು ಸರ್ಕಾರ ದರ ಕಟ್ಟಿದೆ. ಆ ಚೀಲದ ಜೊತೆ ಇನ್ನೊಂದು ಸೀಸೆ ಕೊಂಡರೆ ಮಾತ್ರ ಕೊಡುತ್ತೇನೆ ಎನ್ನುವುದು ನನ್ನಿಂದ ಆಗದು. ಹಳೇ ಪೇಟೆಯವರು ಇದನ್ನು ಹೇಗೆ ನಿಭಾಯಿಸುತ್ತಾರೆ?

ಉತ್ತರ 5
ಬರೆದವರು: ಹಳೇ ಪೇಟೆ

ನಿವೃತ್ತ ಅಧಿಕಾರಿಗಳ ಆಕ್ಷೇಪಣೆಯನ್ನು ಒಪ್ಪುತ್ತೇನೆ. ಮಾದರಿಗಳನ್ನು ಹೊರಗೆ ಕಳುಹಿಸುವ ಪದ್ಧತಿ ನನ್ನಲ್ಲಿ ನಿಯಮಿತವಾಗಿಲ್ಲ, ಇರಬೇಕಿತ್ತು.

ಲಿಂಕ್ ವಿಷಯದಲ್ಲಿ ನನ್ನ ಬಳಿ ಪೂರ್ಣ ಪರಿಹಾರವಿಲ್ಲ. ಹೀಗೆ ಜೋಡಿಸಿ ಮಾರುವಂತಿಲ್ಲ ಎಂದು ಸರ್ಕಾರ ಮತ್ತೆಮತ್ತೆ ಹೇಳಿದೆ. 2025ರ ಮುಂಗಾರಿನಲ್ಲಿ ಕೊಪ್ಪಳದಂಥ ಜಿಲ್ಲೆಗಳಲ್ಲಿ ಯೂರಿಯಾಕ್ಕಾಗಿ ರೈತರು ಸಾಲುಗಟ್ಟಿ ನಿಂತಾಗಲೂ ಹೇಳಿತು. ತಪಾಸಣೆಗೆ ಬಂದವರು ಮಾತ್ರ ಹಿಡಿಯುವುದು ಕೊನೆಯ ಅಂಗಡಿಯವರನ್ನು, ಮೇಲಿನಿಂದ ಕಳುಹಿಸಿದವರನ್ನಲ್ಲ. ನಾನು ಮಾಡುವುದು ಇಷ್ಟು: ಲಿಂಕಿನಲ್ಲಿ ಬಂದ ಸರಕಿನ ಇನ್‌ವಾಯ್ಸನ್ನು ಬೇರೆ ಕಡತದಲ್ಲಿ ಇಡುತ್ತೇನೆ, ತಾಲ್ಲೂಕಿನ ಸಹಾಯಕ ಕೃಷಿ ನಿರ್ದೇಶಕರಿಗೆ ನಾವು ಐದಾರು ಅಂಗಡಿಯವರು ಸೇರಿ ಲಿಖಿತವಾಗಿ ತಿಳಿಸುತ್ತೇವೆ. ಒಬ್ಬರೇ ಬರೆದರೆ ಮುಂದಿನ ಲೋಡು ತಪ್ಪುತ್ತದೆ, ಒಟ್ಟಾಗಿ ಬರೆದರೆ ಅಷ್ಟು ಸುಲಭವಲ್ಲ. ಆ ಸರಕನ್ನು ಯೂರಿಯಾದ ಜೊತೆ ಕಟ್ಟದೆ ಬೇರೆಯಾಗಿ ಇಟ್ಟು, ಕೇಳಿದವರಿಗೆ ಕಡಿಮೆ ದರಕ್ಕೆ ಕೊಡುತ್ತೇನೆ. ಉಳಿದದ್ದು ನಷ್ಟದ ಖಾತೆಗೆ ಹೋಗುತ್ತದೆ, ಪ್ರತಿ ವರ್ಷ ಸ್ವಲ್ಪ ಹೋಗಿಯೇ ಹೋಗುತ್ತದೆ. ಆ ನಷ್ಟವನ್ನು ನಿಮ್ಮ ವರ್ಷದ ಲೆಕ್ಕದಲ್ಲಿ ಮೊದಲೇ ಹಾಕಿಕೊಳ್ಳಿ, ಇಲ್ಲದಿದ್ದರೆ ಸುಗ್ಗಿಯ ಹೊತ್ತಿಗೆ ಅದನ್ನು ಯಾವುದಾದರೂ ಟಾನಿಕ್ಕಿನಲ್ಲಿ ತುಂಬಿಸಿಕೊಳ್ಳುವ ಮನಸ್ಸಾಗುತ್ತದೆ.

ಒಂದು ಕೆಲಸ ತಪ್ಪದೆ ಮಾಡಿ. ಮುಂಗಾರಿನ ಲೋಡು ಬರುವ ಮೊದಲೇ ನಿಮ್ಮ ಪೇಟೆಯ ಬೇರೆ ಅಂಗಡಿಯವರೊಂದಿಗೆ ಈ ವಿಷಯ ಮಾತಾಡಿ. ಪಕ್ಕದ ಅಂಗಡಿಯವರನ್ನೂ ಬಿಡಬೇಡಿ.